ಮೊಬೈಲಿನ ಪಾಠ, ಮನೆಬಾಗಿಲ ಕೆಲಸ



ದುಡಿಯುವವರ ಕಲಿಕೆಯ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ನಡೆಯಲಿ ಎಂಬುದು ಈ ಉಪನ್ಯಾಸದ ಹಿಂದಿರುವ ದತ್ತಿಯ ಆಶಯ. ಈ ವರ್ಷಕ್ಕೆ ನಾನು ಆಯ್ದುಕೊಂಡಿರುವುದು ಆನ್‌ಲೈನ್ ತರಬೇತಿಯನ್ನು. ಕೋವಿಡ್ ಬಂದಾಗ ಮಕ್ಕಳ ಆನ್‌ಲೈನ್ ಪಾಠದ ಬಗ್ಗೆ ಬೇಕಾದಷ್ಟು ಚರ್ಚೆಯಾಯಿತು. ಕೆಲಸದಲ್ಲಿರುವ ದೊಡ್ಡವರ ಆನ್‌ಲೈನ್ ಪಾಠ ಮಾತ್ರ ಸದ್ದಿಲ್ಲದೆ ಬೆಳೆದುಬಿಟ್ಟಿದೆ. ಶಿಕ್ಷಕರಿಗೆ ದೀಕ್ಷಾ ಇದೆ, ಸರ್ಕಾರಿ ನೌಕರರಿಗೆ ಐಗಾಟ್ ಕರ್ಮಯೋಗಿ ಇದೆ, ಬ್ಯಾಂಕುಗಳಿಗೆ ಅವುಗಳದೇ ಪೋರ್ಟಲ್ ಇವೆ. ಬೆಂಗಳೂರಿನ ಕಂಪನಿಗಳಲ್ಲಿ ಮಾಹಿತಿ ಸುರಕ್ಷತೆಯಿಂದ ಹಿಡಿದು ಲೈಂಗಿಕ ಕಿರುಕುಳ ತಡೆಯವರೆಗೆ ಒಂದೊಂದಕ್ಕೂ ಕಡ್ಡಾಯ ಮಾಡ್ಯೂಲ್ ಇದೆ. ಈ ಸಭೆಯಲ್ಲಿ ಅಂಥದ್ದೊಂದನ್ನು ಮುಗಿಸಿ ಪ್ರಮಾಣಪತ್ರ ಪಡೆಯದವರು ಕಡಿಮೆ. ಅದರಿಂದ ನಿಮ್ಮ ಕೆಲಸದಲ್ಲಿ ಏನು ಬದಲಾಯಿತು ಎಂದು ಕೇಳಿದರೆ ಥಟ್ಟನೆ ಉತ್ತರ ಹೇಳುವವರು ಇನ್ನೂ ಕಡಿಮೆ.

ನಾನು ಹೇಳಬೇಕೆಂದಿರುವುದು ಇಷ್ಟು. ಕೆಲಸದಲ್ಲಿರುವವರಿಗೆ ಪಾಠ ಕಟ್ಟುವಾಗ ವಿಷಯದಿಂದ ಶುರುಮಾಡಬಾರದು. ಆ ಕೆಲಸದಲ್ಲಿ ಅವರು ಕೈ ಹಾಕಬೇಕಾದ, ತೀರ್ಮಾನ ತೆಗೆದುಕೊಳ್ಳಬೇಕಾದ ಒಂದು ಗಳಿಗೆಯನ್ನು ಹಿಡಿದು, ಅಲ್ಲಿಂದ ಹಿಂದಕ್ಕೆ ಪಾಠ ಕಟ್ಟಿಕೊಂಡು ಬರಬೇಕು. ಮಾತನ್ನು ಗಾಳಿಯಲ್ಲಿ ಬಿಡದೆ, ನಾನು ಹತ್ತಿರದಿಂದ ಬಲ್ಲ ಒಂದು ಕೆಲಸವನ್ನೇ ತೆಗೆದುಕೊಳ್ಳುತ್ತೇನೆ: ಆಶಾ ಕಾರ್ಯಕರ್ತೆ ಹಸುಗೂಸಿನ ಉಸಿರು ಎಣಿಸುವ ಕೆಲಸ.

ಕರ್ನಾಟಕದಲ್ಲಿ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರಿದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಬಾಣಂತಿಯನ್ನೂ ಕೂಸನ್ನೂ ಅವರು 3, 7, 14, 21, 28 ಮತ್ತು 42ನೇ ದಿನ ಮನೆಗೇ ಹೋಗಿ ನೋಡಬೇಕು. ಹೆರಿಗೆ ಮನೆಯಲ್ಲೇ ಆಗಿದ್ದರೆ ಮೊದಲ ದಿನವೂ ಹೋಗಬೇಕು. ಕೂಸಿನ ತೂಕ, ಮೈಬಿಸಿ, ಹೊಕ್ಕುಳು, ಹಾಲು ಚೀಪುವ ರೀತಿ ಇವೆಲ್ಲವನ್ನೂ ನೋಡಿ, ಉಸಿರನ್ನೂ ಎಣಿಸಬೇಕು. ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಬೇಕು. ಎರಡನೇ ಸಲವೂ ಹಾಗೇ ಬಂದರೆ ಕೂಸನ್ನು ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು.

ಕೇಳಲು ಸುಲಭ. ಎಣಿಸಿ ನೋಡಿದವರಿಗೆ ಅದರ ಕಷ್ಟ ಗೊತ್ತು. ಹಸುಗೂಸಿನ ಉಸಿರು ನಮ್ಮದರಂತೆ ಸಮನಾಗಿ ಬರುವುದಿಲ್ಲ. ನಾಲ್ಕಾರು ಸೆಕೆಂಡು ಚುರುಕಾಗಿ ಬಂದು, ನಡುವೆ ತುಸು ನಿಂತಂತಾಗಿ, ಮತ್ತೆ ಚುರುಕಾಗುತ್ತದೆ. ಅದಕ್ಕೇ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಪೂರಾ ಒಂದು ನಿಮಿಷ ಎಣಿಸಲೇಬೇಕು. ಅಳುವಾಗ, ಹಾಲು ಕುಡಿಯುವಾಗ ಎಣಿಸುವಂತಿಲ್ಲ. ಮನೆಯೊಳಗೆ ಬೆಳಕು ಕಡಿಮೆ, ಕೂಸಿಗೆ ಎರಡು ಸುತ್ತು ಬಟ್ಟೆ, ಪಕ್ಕದಲ್ಲಿ ನಾಲ್ಕು ಜನರ ಮಾತು. ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕಣ್ಣು ಕೂಸಿನ ಹೊಟ್ಟೆಯ ಏರಿಳಿತದ ಮೇಲೆ. ಎಣಿಕೆ ಮುಗಿದು 66 ಬಂತು ಎನ್ನಿ, ನಿಜವಾದ ಕಷ್ಟ ಆಗ ಶುರು. ಮನೆಯ ಹಿರಿಯಳು, "ಶೀತ ಆಗೈತಿ ಅಷ್ಟ, ಸಂಜೀತನಕ ನೋಡೋಣು" ಅನ್ನುತ್ತಾಳೆ. ಆ ಮಾತಿಗೆ ಆಶಾ ಕಾರ್ಯಕರ್ತೆ ಏನು ಉತ್ತರ ಕೊಡುತ್ತಾಳೆ ಎನ್ನುವುದರ ಮೇಲೆ ಆ ಕೂಸಿನ ಜೀವ ನಿಂತಿರುತ್ತದೆ.

ಈ ವಿಷಯಕ್ಕೆ ಸಾಮಾನ್ಯವಾಗಿ ತಯಾರಾಗುವ ಆನ್‌ಲೈನ್ ಪಾಠ ಹೇಗಿರುತ್ತದೆ ನೋಡಿ. ಮೊದಲ ಪರದೆಯಲ್ಲಿ ಲಾಂಛನಗಳು. ಎರಡನೆಯದರಲ್ಲಿ ಕಲಿಕೆಯ ಉದ್ದೇಶಗಳು. ಆಮೇಲೆ ಶಿಶುಮರಣದ ಅಂಕಿಅಂಶ, ನ್ಯುಮೋನಿಯಾ ಎಂದರೇನು, ಅದರ ಕಾರಣಗಳು, ವಿಧಗಳು. ಹದಿನೈದನೇ ಪರದೆಯ ಹೊತ್ತಿಗೆ 60 ಎಂಬ ಅಂಕಿ ಬರುತ್ತದೆ. ಕೊನೆಯಲ್ಲಿ ಪ್ರಶ್ನೆ: ನವಜಾತ ಶಿಶುವಿನ ಉಸಿರಾಟ ನಿಮಿಷಕ್ಕೆ ಎಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೇಗದ ಉಸಿರಾಟ ಎನ್ನುತ್ತಾರೆ? 40, 50, 60, 70. ಪಾಠ ನೋಡದವಳೂ ಪಕ್ಕದವಳನ್ನು ಕೇಳಿ ಸರಿ ಉತ್ತರ ಒತ್ತುತ್ತಾಳೆ. ಪ್ರಮಾಣಪತ್ರ ಬರುತ್ತದೆ. ಅವಳಿಗೆ ಉಸಿರು ಎಣಿಸಲು ಬರುತ್ತದೆಯೇ ಎಂಬುದು ಯಾರಿಗೂ ತಿಳಿಯುವುದಿಲ್ಲ, ಅವಳಿಗೂ ತಿಳಿಯುವುದಿಲ್ಲ.

ಅದೇ ಪಾಠವನ್ನು ಆ ಗಳಿಗೆಯಿಂದ ಹಿಂದಕ್ಕೆ ಕಟ್ಟಿ ನೋಡೋಣ. ಲಿಂಕ್ ತೆರೆದ ಕೂಡಲೇ ಪರದೆಯ ಮೇಲೆ ಒಂದು ಕೂಸು. ಅಂಗಿ ಮೇಲಕ್ಕೆ ಸರಿಸಿದೆ, ಹೊಟ್ಟೆ ಎದೆ ಕಾಣುತ್ತವೆ. "ಒಂದು ನಿಮಿಷ ಎಣಿಸಿ, ಬಂದ ಸಂಖ್ಯೆ ಬರೆಯಿರಿ." ಅಷ್ಟೇ ಸೂಚನೆ. ಅವಳು 48 ಎಂದು ಬರೆಯುತ್ತಾಳೆ. ಸರಿಯಾದ ಎಣಿಕೆ 64. ಈಗ ಅದೇ ವಿಡಿಯೊ ಮತ್ತೆ ಓಡುತ್ತದೆ, ಪ್ರತಿ ಉಸಿರಿಗೂ ಒಂದು ಚುಕ್ಕೆ ಮೂಡುತ್ತದೆ. ಎಲ್ಲಿ ಎಣಿಕೆ ತಪ್ಪಿತೆಂದು ಅವಳೇ ಕಂಡುಕೊಳ್ಳುತ್ತಾಳೆ: ಉಸಿರು ನಿಂತು ಮತ್ತೆ ಶುರುವಾದಾಗ ಚುರುಕಾದ ಏರಿಳಿತಗಳು ಕೈತಪ್ಪಿವೆ. ಎರಡನೇ ಕೂಸು, ಪಕ್ಕೆಗಳ ಕೆಳಗೆ ಎದೆ ಒಳಕ್ಕೆ ಸೆಳೆಯುತ್ತಿದೆ. ಮೂರನೇ ಕೂಸು ಅಳುತ್ತಿದೆ. ಇಲ್ಲಿ ಎಣಿಸದೆ ಕಾಯುವುದೇ ಸರಿ ಉತ್ತರ. ಇದಾದ ಮೇಲೆ ಹಿರಿಯಳ ಧ್ವನಿ ಬರುತ್ತದೆ, ಅವಳಿಗೆ ಹೇಳಬಹುದಾದ ಮೂರು ಮಾತುಗಳು ಬರುತ್ತವೆ. ಒಂದು, "ಆಯಿ, ನಿಮಗ ಇದು ತಿಳಿಯಂಗಿಲ್ಲ, ಇದು ನ್ಯುಮೋನಿಯಾ." ಇನ್ನೊಂದು, "ಆತು, ಸಂಜೀಗೆ ಮತ್ತ ಬರ್ತೀನಿ." ಮೂರನೆಯದು, "ಆಯಿ, ಇಲ್ಲಿ ನೋಡ್ರಿ, ಕೂಸಿನ ಹೊಟ್ಟಿ ಎಷ್ಟು ಜೋರ್ ಏರಿಳಿಯಾಕತ್ತೈತಿ. ನನ್ನ ಕೂಡ ನೀವೂ ಎಣಸ್ರಿ. ಈಗ ಹೋಗೋಣು, ನಾನೂ ಬರ್ತೀನಿ." ಮೊದಲನೆಯದನ್ನು ಆರಿಸಿದರೆ ಪರದೆಯಲ್ಲಿ ಕೆಂಪು ಗುರುತು ಬರಬೇಕಿಲ್ಲ. ಹಿರಿಯಳು ಕೂಸನ್ನೆತ್ತಿಕೊಂಡು ಒಳಗೆ ಹೋಗುತ್ತಾಳೆ, ಅಷ್ಟು ತೋರಿಸಿದರೆ ಸಾಕು. ಆ ಹಿರಿಯಳು ಕಲಬುರಗಿಯವಳಾದರೆ ಕಲಬುರಗಿಯ ಮಾತು, ಚಾಮರಾಜನಗರದವಳಾದರೆ ಅಲ್ಲಿಯ ಮಾತು ಆಡಬೇಕು. ಒಂದೇ ಧ್ವನಿಮುದ್ರಣದಲ್ಲಿ ಇಡೀ ರಾಜ್ಯಕ್ಕೆ ಮುಗಿಸುವ ಆಸೆ ಬೇಡ.

ಈ ಪಾಠಕ್ಕೆ ಹದಿನೈದು ನಿಮಿಷ ಸಾಕು. ಅಂಕಿಅಂಶ, ವ್ಯಾಖ್ಯೆ, ವಿಧಗಳು ಎಲ್ಲಿ ಹೋದವು ಎಂದು ನೀವು ಕೇಳಬಹುದು. ಬೇಕಾದವರು ತೆರೆದು ಓದುವಂತೆ ಕೊನೆಯಲ್ಲಿ ಇರಲಿ. ಪಾಠ ತಯಾರಿಸುವಾಗ ವಿಷಯತಜ್ಞರ ಜತೆ ನಡೆಯುವ ಬಹುತೇಕ ಜಗ್ಗಾಟ ಇದೇ. ಅವರಿಗೆ ತಾವು ಬಲ್ಲದ್ದೆಲ್ಲ ಮುಖ್ಯ ಅನ್ನಿಸುತ್ತದೆ, ಅದು ಸಹಜ, ಅವರನ್ನು ದೂರುವಂತಿಲ್ಲ. "ಇದು ಗೊತ್ತಿಲ್ಲದಿದ್ದರೆ ಆಕೆ ಕೆಲಸದಲ್ಲಿ ಏನು ತಪ್ಪು ಮಾಡುತ್ತಾಳೆ?" ಎಂಬ ಒಂದೇ ಪ್ರಶ್ನೆಯನ್ನು ಪ್ರತಿ ಪರದೆಗೂ ಕೇಳುತ್ತ ಹೋದರೆ ಅರ್ಧಕ್ಕರ್ಧ ಪರದೆಗಳು ತಾವಾಗಿಯೇ ಉದುರುತ್ತವೆ.

ದೂರದಿಂದ ತರಬೇತಿ ಕೊಡುವುದು ನಮಗೆ ಹೊಸತಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಎಟಿಎಸ್-6 ಎಂಬ ಅಮೆರಿಕದ ಉಪಗ್ರಹವನ್ನು ಬಳಸಿ ಇಸ್ರೋ ಸೈಟ್ ಎಂಬ ಟಿ.ವಿ. ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಹೋಯಿತು, ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಆ ವರ್ಷದಲ್ಲೇ ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸುವ ಬಗ್ಗೆ ತರಬೇತಿಯೂ ಆಯಿತು. ಅದರ ರಚನೆಯನ್ನು ಇವತ್ತಿನವರು ಕೂತು ಓದಬೇಕು. ಬರೀ ಟಿ.ವಿ. ತೋರಿಸಿ ಕಳಿಸಲಿಲ್ಲ. ಟಿ.ವಿ. ಜತೆ ರೇಡಿಯೊ ಇತ್ತು, ಕೈಗೆ ಮುದ್ರಿತ ಪಾಠ ಇತ್ತು, ಶಿಕ್ಷಕರು ಒಟ್ಟಿಗೆ ಕೂತು ತಮ್ಮ ಕೈಯಾರೆ ಮಾಡುವ ಚಟುವಟಿಕೆಗಳಿದ್ದವು. 1990ರ ದಶಕದಲ್ಲಿ ಪಂಚಾಯತಿಗಳಿಗೆ ಹೊಸದಾಗಿ ಆಯ್ಕೆಯಾದ ಹೆಣ್ಣುಮಕ್ಕಳಿಗೆ ಕರ್ನಾಟಕದಲ್ಲಿ ಉಪಗ್ರಹದ ಮೂಲಕವೇ ತರಬೇತಿ ನಡೆಯಿತು. ಚಿತ್ರ ಒಂದು ಕಡೆಯಿಂದ ಹೋಗುತ್ತಿತ್ತು, ಮಾತು ಎರಡೂ ಕಡೆಯಿಂದ. ತಾಲ್ಲೂಕಿನಲ್ಲಿ ಗುಂಪಾಗಿ ಕೂತ ಸದಸ್ಯೆಯರು ಫೋನೆತ್ತಿ ಪ್ರಶ್ನೆ ಕೇಳುತ್ತಿದ್ದರು. ಇಂದು ಪ್ರತಿಯೊಬ್ಬರ ಕೈಯಲ್ಲೂ ಎರಡು ಕಡೆಯಿಂದಲೂ ಚಿತ್ರ ಹೋಗುವ ಫೋನ್ ಇದೆ. ಆದರೆ ಆ ಗುಂಪು, ಆ ಪ್ರಶ್ನೆ, ಆ ಕೈಕೆಲಸ ಮೂರನ್ನೂ ಕೈಬಿಟ್ಟು, ಒಬ್ಬಂಟಿಯಾಗಿ ಕೂತು ಮುಂದೆ, ಮುಂದೆ ಎಂದು ಒತ್ತುವ ಪಾಠವನ್ನು ಪ್ರಗತಿ ಎಂದು ಕರೆಯುತ್ತಿದ್ದೇವೆ.

ಹೀಗಾಗಲು ಒಂದು ತಾಂತ್ರಿಕ ಕಾರಣವೂ ಇದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. 2000ದ ಸುಮಾರಿಗೆ ಅಮೆರಿಕದ ರಕ್ಷಣಾ ಇಲಾಖೆಯ ಒಂದು ಯೋಜನೆಯಿಂದ ಸ್ಕಾರ್ಮ್ ಎಂಬ ಮಾನದಂಡ ಬಂತು. ಯಾವುದೇ ಪಾಠ ಯಾವುದೇ ಪೋರ್ಟಲ್‌ನಲ್ಲಿ ಓಡಬೇಕು, ಅದಕ್ಕೊಂದು ಒಪ್ಪಿತ ಭಾಷೆ ಬೇಕು ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ, ಅದರಿಂದ ಬಹಳ ಅನುಕೂಲವಾಗಿದೆ. ಆದರೆ ಪಾಠ ಪೋರ್ಟಲ್‌ಗೆ ವರದಿ ಮಾಡುವ ಮುಖ್ಯ ಸಂಗತಿಗಳು ಎಂದರೆ ಮುಗಿಯಿತೇ ಇಲ್ಲವೇ, ಅಂಕ ಎಷ್ಟು, ಎಷ್ಟು ಹೊತ್ತು ತೆರೆದಿತ್ತು. ಪೋರ್ಟಲ್‌ನಲ್ಲಿ ಕಂಡದ್ದು ಮೇಲಧಿಕಾರಿಯ ವರದಿಗೆ ಬಂತು, ವರದಿಗೆ ಬಂದದ್ದೇ ಗುರಿಯಾಯಿತು. ಜಿಲ್ಲೆಗೆ ಜಿಲ್ಲೆ ಪೈಪೋಟಿ ಎದ್ದಾಗ "ಇವತ್ತು ಸಂಜೆಯೊಳಗೆ ಶೇಕಡ 100 ಆಗಬೇಕು" ಎಂಬ ವಾಟ್ಸ್‌ಆ್ಯಪ್ ಸಂದೇಶ ಹೊರಡುತ್ತದೆ. ಪಾಠ ತಯಾರಿಸುವ ಏಜೆನ್ಸಿಗೂ ಸಾಮಾನ್ಯವಾಗಿ ಪಾಠದ ಗಂಟೆಯ ಲೆಕ್ಕದಲ್ಲಿ ದರ ಕಟ್ಟುತ್ತಾರೆ. ಹಾಗಿರುವಾಗ ಹದಿನೈದು ನಿಮಿಷದ ಪಾಠವನ್ನು ಯಾರು ತಾನೇ ಬರೆಯುತ್ತಾರೆ?

ಇನ್ನು ನೆನಪಿನ ವಿಚಾರಕ್ಕೆ ಬರುತ್ತೇನೆ. ಇದು ಈ ಉಪನ್ಯಾಸದ ಬೆನ್ನೆಲುಬು, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಮರೆವು ಮೊದಲ ಗಂಟೆಗಳಲ್ಲೇ ಅತಿವೇಗವಾಗಿ ಆಗುತ್ತದೆ ಎಂದು 1885ರಲ್ಲಿ ತೋರಿಸಿದ. ಬಿಡುವು ಕೊಟ್ಟು ಮತ್ತೆ ಮತ್ತೆ ಕಲಿತರೆ ಮರೆವು ನಿಧಾನವಾಗುತ್ತದೆ ಎಂಬುದೂ ಅವನ ಕಾಲದಿಂದಲೇ ತಿಳಿದಿದೆ. 1978ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ಅದು ನಡೆದದ್ದು ದುಡಿಯುವವರ ಮೇಲೆ. ಬ್ರಿಟನ್ನಿನ ಅಂಚೆ ಇಲಾಖೆ ಯಂತ್ರದಿಂದ ಪತ್ರ ವಿಂಗಡಿಸಲು ತನ್ನ ಅಂಚೆಯವರಿಗೆ ಕೀಲಿಮಣೆ ಕಲಿಸಬೇಕಿತ್ತು. ಅಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ಸಂಶೋಧಕರು ಆ ಅಂಚೆಯವರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆ ಅಭ್ಯಾಸ. ಇನ್ನೊಂದು ತುದಿಯ ಗುಂಪಿಗೆ ಎರಡೆರಡು ಗಂಟೆಯಂತೆ ದಿನಕ್ಕೆ ನಾಲ್ಕು ಗಂಟೆ. ಕೀಲಿಮಣೆ ಕಲಿಯಲು ಒಂದು ಗಂಟೆಯವರಿಗೆ ಒಟ್ಟು ಸುಮಾರು 35 ಗಂಟೆ ಸಾಕಾಯಿತು, ನಾಲ್ಕು ಗಂಟೆಯವರಿಗೆ ಸುಮಾರು 50 ಗಂಟೆ ಹಿಡಿಯಿತು. ಆದರೆ ತರಬೇತಿಯ ಬಗ್ಗೆ ಎಲ್ಲರಿಗಿಂತ ಕಡಿಮೆ ತೃಪ್ತಿ ಇದ್ದದ್ದು ಚೆನ್ನಾಗಿ ಕಲಿತ ಒಂದು ಗಂಟೆಯ ಗುಂಪಿಗೇ! ದಿನಗಳ ಲೆಕ್ಕದಲ್ಲಿ ತಾವು ಹಿಂದೆ ಬಿದ್ದಿದ್ದೇವೆ ಎಂದು ಅವರಿಗೆ ಅನ್ನಿಸಿತ್ತು.

2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಇದೇ ಬಗೆಯ ಇನ್ನೊಂದು ಸಂಗತಿ ತೋರಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಪಾಠವನ್ನು ಎರಡು ಸಲ ಓದಿದರು. ಇನ್ನೊಂದು ಗುಂಪಿನವರು ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಅವರಿಗೆ ನೆನಪಿದ್ದದ್ದು ಶೇಕಡ 42, ಮುಚ್ಚಿ ಬರೆದವರಿಗೆ ಶೇಕಡ 56. ಈ ಎರಡು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ ನಮ್ಮ ತರಬೇತಿಗಳ ಕಾಯಿಲೆ ಸ್ಪಷ್ಟವಾಗುತ್ತದೆ. ಪಾಠ ಮುಗಿದ ತಕ್ಷಣ ಪರೀಕ್ಷೆ ಇಡುತ್ತೇವೆ, ತಕ್ಷಣವೇ "ತರಬೇತಿ ಹೇಗಿತ್ತು?" ಎಂದು ಐದು ನಕ್ಷತ್ರ ಕೇಳುತ್ತೇವೆ. ಆ ಹೊತ್ತಿನಲ್ಲಿ ಬರುವ ಅಂಕವೂ ಸುಳ್ಳು ಹೇಳುತ್ತದೆ, ತೃಪ್ತಿಯೂ ಸುಳ್ಳು ಹೇಳುತ್ತದೆ.

ಹಾಗಾದರೆ ಉಸಿರೆಣಿಕೆಯ ಪಾಠವನ್ನು ಏನು ಮಾಡಬೇಕು? ಹದಿನೈದು ನಿಮಿಷದ ಪಾಠ ಆದ ಮೂರನೇ ದಿನ ಫೋನಿಗೆ ಹೊಸದೊಂದು ಕೂಸಿನ ವಿಡಿಯೊ ಬರಲಿ, ಒಂದು ನಿಮಿಷ ಎಣಿಸಲಿ. ಹತ್ತು ದಿನ ಬಿಟ್ಟು ಇನ್ನೊಂದು, ತಿಂಗಳು ಬಿಟ್ಟು ಮತ್ತೊಂದು. ಇವು ಪರೀಕ್ಷೆಗಳಲ್ಲ, ಅಂಕ ಯಾರಿಗೂ ಹೋಗಬಾರದು. ತಪ್ಪಿದರೆ ಅವಮಾನ ಎಂದಾದ ಕ್ಷಣದಿಂದ ಉತ್ತರಗಳು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡತೊಡಗುತ್ತವೆ.

ವಿಡಿಯೊ ಎಷ್ಟು ಉದ್ದ ಇರಬೇಕು ಎಂದು ಎಲ್ಲ ಕಡೆ ಕೇಳುತ್ತಾರೆ. 2014ರಲ್ಲಿ ಫಿಲಿಪ್ ಗುವೊ ಮತ್ತು ಸಂಗಡಿಗರು ಎಡೆಕ್ಸ್ ತಾಣದ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ, ವಿಡಿಯೊ ಎಷ್ಟೇ ಉದ್ದವಿರಲಿ ಜನ ನೋಡುವುದು ಹೆಚ್ಚೆಂದರೆ ಸುಮಾರು ಆರು ನಿಮಿಷ ಎಂದು ಕಂಡುಕೊಂಡರು. ಅಂದಿನಿಂದ ಆರು ನಿಮಿಷ ಮಂತ್ರವಾಗಿದೆ. ಆದರೆ ಒಂದು ಗಂಟೆಯ ನೀರಸ ಭಾಷಣವನ್ನು ಹತ್ತು ತುಂಡು ಮಾಡಿದರೆ ಹತ್ತು ನೀರಸ ಭಾಷಣಗಳಾಗುತ್ತವೆ, ಬೇರೇನೂ ಆಗುವುದಿಲ್ಲ. ಪರದೆಯ ಮೇಲಿರುವ ಸಾಲುಗಳನ್ನೇ ಹಿನ್ನೆಲೆ ಧ್ವನಿ ಓದುವ ಅಭ್ಯಾಸವನ್ನೂ ಬಿಡಬೇಕು. ಕಣ್ಣು ಕಿವಿ ಎರಡೂ ಒಂದೇ ಮಾತನ್ನು ಹೊರುವಾಗ ಚಿತ್ರ ನೋಡಲು ಮನಸ್ಸಿಗೆ ಜಾಗ ಉಳಿಯುವುದಿಲ್ಲ ಎಂದು ರಿಚರ್ಡ್ ಮೇಯರ್ ಅವರ ಪ್ರಯೋಗಗಳು ತೋರಿಸಿವೆ. ಓದು ನಿಧಾನ ಇರುವವರಿಗೆ ಧ್ವನಿ, ಕಿವಿ ಮಂದ ಇರುವವರಿಗೆ ಅಕ್ಷರ ಬೇಕು, ನಿಜ. ಆಯ್ಕೆ ಅವರ ಕೈಯಲ್ಲಿರಲಿ.

ಪರದೆಯಿಂದ ಬಾರದ ವಿದ್ಯೆಗಳೂ ಇವೆ. ಹುಟ್ಟಿದ ಕೂಡಲೇ ಉಸಿರಾಡದ ಕೂಸಿಗೆ ಮೊದಲ ಒಂದು ನಿಮಿಷದೊಳಗೆ ಉಸಿರು ಹಿಡಿಸುವುದು ಅಂಥ ವಿದ್ಯೆ. ಅದನ್ನು ಕಲಿಸುವ 'ಹೆಲ್ಪಿಂಗ್ ಬೇಬೀಸ್ ಬ್ರೀದ್' ಕಾರ್ಯಕ್ರಮವನ್ನು ಅಮೆರಿಕದ ಮಕ್ಕಳ ವೈದ್ಯರ ಸಂಘ 2010ರಲ್ಲಿ ಆರಂಭಿಸಿತು. ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಹೆರಿಗೆ ಮಾಡಿಸುವವರಿಗೆ ಈ ತರಬೇತಿ ಕೊಟ್ಟು, ಸತ್ತು ಹುಟ್ಟುವ ಕೂಸುಗಳ ಪ್ರಮಾಣ ಕಡಿಮೆಯಾದದ್ದನ್ನು 2013ರಲ್ಲಿ ಪ್ರಕಟಿಸಿದರು. ಅಲ್ಲಿ ಬೊಂಬೆ ಬೇಕು, ಮುಖಕ್ಕೆ ಕೂರಿಸುವ ಮಾಸ್ಕ್ ಬೇಕು, ಹಿಡಿತ ಸರಿಯಿಲ್ಲದಿದ್ದರೆ ಪಕ್ಕದಲ್ಲಿ ನಿಂತು ತಿದ್ದುವ ಕೈ ಬೇಕು. ಪ್ರಯಾಣ ಭತ್ಯೆ ಉಳಿಯುತ್ತದೆ ಎಂದು ಇಂಥದ್ದನ್ನೂ ವಿಡಿಯೊಗೆ ತಳ್ಳುವುದು ಅಪಾಯ. ಪರದೆ ಮಾಡಬಹುದಾದದ್ದನ್ನು ಪರದೆಗೆ ಕೊಟ್ಟು, ಉಳಿದ ಹಣವನ್ನು ಕೈಯಿಂದ ಕೈಗೆ ದಾಟಬೇಕಾದ ವಿದ್ಯೆಗೆ ಇಡಿ ಎಂದು ನಾನು ಹೋದಲ್ಲೆಲ್ಲ ಕೇಳಿಕೊಳ್ಳುತ್ತ ಬಂದಿದ್ದೇನೆ.

ಆನ್‌ಲೈನ್ ಎಂದರೆ ಒಬ್ಬಂಟಿಯಾಗಿ ಕಲಿಯುವುದು ಎಂಬ ತಪ್ಪು ತಿಳಿವಳಿಕೆಯನ್ನು ಕಳೆಯಲು ಬೆಂಗಳೂರಿನ ನಿಮ್ಹಾನ್ಸ್ ಕಡೆ ನೋಡಬೇಕು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಎಕೊ ಎಂಬ ಪದ್ಧತಿ ಶುರುಮಾಡಿದರು. ಹೆಪಟೈಟಿಸ್ ಸಿ ರೋಗಿಗಳು ದೂರದ ಊರುಗಳಿಂದ ತಜ್ಞರ ಬಳಿ ಬಂದು ತಿಂಗಳುಗಟ್ಟಲೆ ಕಾಯಬೇಕಿತ್ತು. ಅದರ ಬದಲು ಊರಿನ ಸಾಮಾನ್ಯ ವೈದ್ಯರನ್ನು ವಾರಕ್ಕೊಮ್ಮೆ ವಿಡಿಯೊದಲ್ಲಿ ಕೂರಿಸಿ, ಅವರವರ ರೋಗಿಗಳನ್ನೇ ಪಾಠ ಮಾಡಿಕೊಂಡರು. 2011ರ ಹೊತ್ತಿಗೆ ಆ ವೈದ್ಯರ ಕೈಯಲ್ಲಿ ಗುಣವಾದವರ ಪ್ರಮಾಣ ವಿಶ್ವವಿದ್ಯಾಲಯದ ತಜ್ಞರ ಚಿಕಿತ್ಸಾಲಯದಷ್ಟೇ ಇತ್ತು. ನಿಮ್ಹಾನ್ಸ್ ಇದೇ ಪದ್ಧತಿಯನ್ನು ಮಾನಸಿಕ ಆರೋಗ್ಯಕ್ಕೂ ವ್ಯಸನದ ಚಿಕಿತ್ಸೆಗೂ ತಂದಿತು. ಅಲ್ಲಿ ಪಾಠ ಮೊದಲು, ರೋಗಿ ಆಮೇಲೆ ಅಲ್ಲ. ಜಿಲ್ಲೆಯ ವೈದ್ಯ ತನ್ನ ರೋಗಿಯ ಹೆಸರು ಬಿಟ್ಟು ಸಮಸ್ಯೆ ಮುಂದಿಡುತ್ತಾನೆ, ಉಳಿದವರು ಪ್ರಶ್ನೆ ಕೇಳುತ್ತಾರೆ, ತಜ್ಞರು ಕೊನೆಗೆ ಮಾತಾಡುತ್ತಾರೆ. ಆಶಾ ಕಾರ್ಯಕರ್ತೆಯರಿಗೆ ಇಂಥದ್ದು ಏಕೆ ಬೇಡ? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಮ್ಮೆ ಅವರ ಸಭೆ ಹೇಗೂ ನಡೆಯುತ್ತದೆ. ಅದರಲ್ಲಿ ಅರ್ಧ ಗಂಟೆ, ಒಬ್ಬಾಕೆ ತಾನು ಕಂಡ ಒಂದು ಕೂಸಿನ ಕಥೆ ಹೇಳಲಿ, ತಾಲ್ಲೂಕಿನ ಮಕ್ಕಳ ವೈದ್ಯರು ಫೋನಿನ ಪರದೆಯಲ್ಲಿರಲಿ.

ಪಾಠ ಎಷ್ಟೇ ಚೆನ್ನಾಗಿದ್ದರೂ ಕೆಲಸದ ಜಾಗ ಕೈಹಿಡಿಯದಿದ್ದರೆ ಅದು ಕೆಲಸಕ್ಕೆ ಇಳಿಯುವುದಿಲ್ಲ. 1988ರಲ್ಲಿ ಬಾಲ್ಡ್ವಿನ್ ಮತ್ತು ಫೋರ್ಡ್ ತರಬೇತಿಯ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ನೋಡಿದಾಗ ಮೂರು ಸಂಗತಿಗಳನ್ನು ಮುಂದಿಟ್ಟರು: ಕಲಿಯುವವರು, ಪಾಠದ ರಚನೆ, ಕೆಲಸದ ಪರಿಸರ. ಮೂರನೆಯದನ್ನು ನಾವು ತರಬೇತಿಯವರ ಜವಾಬ್ದಾರಿಯಲ್ಲ ಎಂದು ಕೈತೊಳೆದುಕೊಂಡಿದ್ದೇವೆ. ಆಕೆಯ ಬಳಿ ಸೆಕೆಂಡು ಮುಳ್ಳಿನ ಗಡಿಯಾರ ಇದೆಯೇ? ಆಕೆ ಕಳಿಸಿದ ಕೂಸನ್ನು ಆಸ್ಪತ್ರೆಯಲ್ಲಿ ನೋಡಿ "ಏನೂ ಆಗಿಲ್ಲ, ಸುಮ್ಮನೆ ಯಾಕೆ ಕಳಿಸ್ತೀಯಾ" ಎಂದು ಎಲ್ಲರೆದುರು ಗದರಿದರೆ ಆಕೆ ಮುಂದಿನ ಕೂಸನ್ನು ಕಳಿಸುತ್ತಾಳೆಯೇ? ಆ ಒಂದು ಗದರಿಕೆ ಇಡೀ ಮಾಡ್ಯೂಲನ್ನು ಅಳಿಸಿಹಾಕುತ್ತದೆ. ಹಾಗಾಗಿ ಆಶಾ ಕಾರ್ಯಕರ್ತೆಗೆ ಪಾಠ ಹೋದ ವಾರವೇ ಆಕೆಯ ಕೆಲಸ ನೋಡಿಕೊಳ್ಳುವ ಫೆಸಿಲಿಟೇಟರಿಗೆ, ವೈದ್ಯಾಧಿಕಾರಿಗೆ, ಸ್ಟಾಫ್ ನರ್ಸಿಗೆ ಮೂರು ನಿಮಿಷದ ಒಂದು ಪಾಠ ಹೋಗಬೇಕು: ಆಕೆ ಏನು ಕಲಿತಿದ್ದಾಳೆ, ಕೂಸನ್ನು ಕರೆತಂದಾಗ ನೀವು ಏನು ಹೇಳಬೇಕು.

ಸಮಯದ ಮಾತು ಹೇಳದೆ ಮುಗಿಸುವಂತಿಲ್ಲ, ಇದನ್ನು ಸ್ವಲ್ಪ ಬಿರುಸಾಗಿಯೇ ಹೇಳುತ್ತೇನೆ. "ಯಾವಾಗ ಬೇಕಾದರೂ, ಎಲ್ಲಿ ಬೇಕಾದರೂ ಕಲಿಯಿರಿ" ಎಂಬ ಮಾತು ನೌಕರರ ಪಾಲಿಗೆ ರಾತ್ರಿ ಹತ್ತು ಗಂಟೆಗೆ, ಪಾತ್ರೆ ತೊಳೆದಾದ ಮೇಲೆ ಕಲಿಯಿರಿ ಎಂದಾಗಿದೆ. ಆಶಾ ಕಾರ್ಯಕರ್ತೆಯ ಫೋನನ್ನು ಎಷ್ಟೋ ಮನೆಗಳಲ್ಲಿ ಮಕ್ಕಳೂ ಬಳಸುತ್ತಾರೆ, ಡೇಟಾ ಖರ್ಚು ಅವಳದೇ, ಮೆಮೊರಿ ತುಂಬಿದ್ದರೆ ಮಗುವಿನ ಫೋಟೊ ಅಳಿಸಿ ಆ್ಯಪ್ ಹಾಕಿಕೊಳ್ಳಬೇಕು. ಕೆಲಸಕ್ಕಾಗಿ ಕಲಿಯುವುದು ಕೆಲಸವೇ. ಅದಕ್ಕೆ ಕೆಲಸದ ಹೊತ್ತಿನಲ್ಲೇ ಜಾಗ ಇರಬೇಕು, ಭತ್ಯೆ ಇರಬೇಕು, ನೆಟ್‌ವರ್ಕ್ ಸಿಗದ ಊರಿನವರು ಆರೋಗ್ಯ ಕೇಂದ್ರದ ವೈ-ಫೈಯಲ್ಲಿ ಇಳಿಸಿಕೊಂಡು ಹೋಗಿ ನೋಡುವಂತಿರಬೇಕು. ಇದು ಸಾಫ್ಟ್‌ವೇರ್ ಕಂಪನಿಗೂ ಬ್ಯಾಂಕಿಗೂ ಅಷ್ಟೇ ಅನ್ವಯ. ಭಾನುವಾರ ಕೂತು ಕಡ್ಡಾಯ ಮಾಡ್ಯೂಲ್ ಮುಗಿಸುವ ಕ್ಯಾಷಿಯರಿಗೆ ಅದು ಕಲಿಕೆಯಲ್ಲ, ಇನ್ನೊಂದು ಹೊರೆ.

ಕೊನೆಯದಾಗಿ ಅಳತೆ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯನ್ನು ನಾಲ್ಕು ಮಟ್ಟದಲ್ಲಿ ಅಳೆಯಬೇಕು ಎಂದರು: ಇಷ್ಟವಾಯಿತೇ, ಕಲಿತರೇ, ಕೆಲಸದಲ್ಲಿ ನಡೆನುಡಿ ಬದಲಾಯಿತೇ, ಅದರಿಂದ ಫಲ ಬಂತೇ. ನಾವು ಮೊದಲನೆಯದನ್ನು ಅಳೆದು, ಎರಡನೆಯದನ್ನು ಅಳೆದಂತೆ ಮಾಡಿ ಬಿಡುತ್ತೇವೆ. ಮೂರನೆಯದನ್ನು ಅಳೆಯುವುದು ಅಸಾಧ್ಯವಲ್ಲ. ಪಾಠ ಆಗಿ ಮೂರು ತಿಂಗಳಿಗೆ ಫೆಸಿಲಿಟೇಟರ್ ಆಶಾ ಕಾರ್ಯಕರ್ತೆಯ ಜತೆ ಒಂದು ಬಾಣಂತಿಯ ಮನೆಗೆ ಹೋಗಲಿ. ಇಬ್ಬರೂ ಒಂದೇ ಕೂಸಿನ ಉಸಿರನ್ನು ಒಂದೇ ನಿಮಿಷದಲ್ಲಿ, ಒಬ್ಬರಿಗೊಬ್ಬರು ಹೇಳದೆ ಎಣಿಸಲಿ, ಆಮೇಲೆ ಸಂಖ್ಯೆಗಳನ್ನು ಪಕ್ಕಪಕ್ಕ ಬರೆಯಲಿ. ತಾಲ್ಲೂಕಿಗೆ ಮೂವತ್ತು ಮನೆ ಹೀಗೆ ನೋಡಿದರೂ ಪಾಠ ಎಲ್ಲಿ ಸೋತಿದೆ ಎಂಬುದು ತಿಳಿಯುತ್ತದೆ, ಪಾಠವನ್ನು ತಿದ್ದಬಹುದು. ಈ ಭೇಟಿಗಳ ಖರ್ಚನ್ನು ಪಾಠ ತಯಾರಿಕೆಯ ಟೆಂಡರಿನಲ್ಲೇ ಸೇರಿಸಿ, ತಯಾರಿಸಿದ ಏಜೆನ್ಸಿಗೆ ಕೊನೆಯ ಕಂತು ಈ ಸಂಖ್ಯೆಗಳನ್ನು ನೋಡಿ ತಿದ್ದಿದ ಪಾಠ ಬಂದ ಮೇಲೆ ಸಿಗುವಂತೆ ಮಾಡಿ. ಬಜೆಟ್ ಸಾಲದಿದ್ದರೆ ಪಾಠದ ಗಂಟೆಗಳನ್ನು ಕಡಿತ ಮಾಡಿ, ಈ ಮೂವತ್ತು ಮನೆಗಳ ಭೇಟಿಯನ್ನು ಮಾತ್ರ ಕಡಿತ ಮಾಡಬೇಡಿ.